ಕೆಂಪು ತುಂಡುಗಳು

ಫೆಬ್ರವರಿ ೧೧

ಕಟಿಂಗ್ ಮಾಸ್ಟರರಿಗೆ,

ನಮಸ್ಕಾರ. ನೀವು ನನ್ನನ್ನು ನೋಡಿಲ್ಲ. ಎರಡನೆಯ ಮಹಡಿಯಲ್ಲಿ ನಿಮ್ಮ ಮೇಜಿನ ಪಕ್ಕ ನಿಂತು, ನೀವು ಕತ್ತರಿಸಿದ ಬಟ್ಟೆಗೆ ನಂಬರು ಚೀಟಿ ಅಂಟಿಸುತ್ತಿದ್ದ ಹುಡುಗಿಯ ತಾಯಿ ನಾನು. ಕಳೆದ ತಿಂಗಳು ಬೆಂಕಿಯಲ್ಲಿ ಹೋದ ಹನ್ನೊಂದು ಮಂದಿಯಲ್ಲಿ ಅವಳೊಬ್ಬಳು. ನಿಮ್ಮ ವಿಳಾಸವನ್ನು ಅವಳ ಕೋಣೆಯ ಜೊತೆಗಾತಿಯಿಂದ ಪಡೆದೆ. ಫೋನು ಮಾಡಬಹುದಿತ್ತು. ಆದರೆ ನನ್ನ ಎಡಗಿವಿ ಕೇಳುವುದಿಲ್ಲ, ಬಲಗಿವಿಗೂ ಫೋನಿನಲ್ಲಿ ಬರೀ ಗೊರಗೊರ. ಅದಕ್ಕೇ ಈ ಕಾಗದ.

ಕೇಳಬೇಕಾದ್ದು ಎರಡಿದೆ. ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದನ್ನು ಮೊದಲು ಹೇಳುತ್ತೇನೆ.

ಅವಳು ಅಲ್ಲಿ ನಾಲ್ಕು ಹುಡುಗಿಯರ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದಳು. ಸಿಮೆಂಟಿನ ಥಂಡಿ ಬೆನ್ನಿಗೆ ಹತ್ತುತ್ತದೆ ಎಂದು ಹೋದ ವರ್ಷ ನಾನೊಂದು ಕೌದಿ ಶುರು ಮಾಡಿದೆ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹರಿದ ಚಾದರಗಳಿಗೆ ತೇಪೆ ಹಾಕುವವಳು. ಸೂಜಿ ನನಗೆ ಹೊಸದಲ್ಲ. ಒಂಬತ್ತು ತುಂಡು ಕೂಡಿದರೆ ಒಂದು ಚೌಕ, ಮೂವತ್ತು ಚೌಕ ಕೂಡಿದರೆ ಕೌದಿ. ನಿಮ್ಮ ಮೇಜಿನ ಕೆಳಗೆ ಬಿದ್ದ ಚೂರುಗಳನ್ನು ತಿಂಗಳಿಗೊಂದು ಪೊಟ್ಟಣ ಮಾಡಿ ಅವಳು ನನಗೆ ಕಳಿಸುತ್ತಿದ್ದಳು. ಇಪ್ಪತ್ತೆರಡು ಚೌಕ ಮುಗಿದಿವೆ. ಪ್ರತಿ ಚೌಕದ ನಡುವಿಗೆ ಬಿಳಿ ಚುಕ್ಕೆಯ ಕೆಂಪು ಬಟ್ಟೆ ಇಟ್ಟಿದ್ದೇನೆ. ಅದು ಖಾಲಿಯಾಗಿದೆ. ನಿಮ್ಮಲ್ಲಿ ಉಳಿದಿದ್ದರೆ ಎಂಟು ತುಂಡು, ಅಂಗೈ ಅಗಲದ್ದು, ಕಳಿಸಬಹುದೇ? ಹೊದೆಯುವವಳೇ ಇಲ್ಲದ ಮೇಲೆ ಇನ್ನೇಕೆ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಅರ್ಧಕ್ಕೆ ನಿಂತದ್ದು ಕಣ್ಣಿಗೆ ಚುಚ್ಚುತ್ತದೆ.

ದೊಡ್ಡದು ಇದು. ಅವಳಿಗೆ ತುಂಬಾ ನೋವಾಯಿತೇ? ಇಲ್ಲಿಗೆ ಬಂದಾಗ ಪೆಟ್ಟಿಗೆ ಮುಚ್ಚಿತ್ತು. ತೆರೆಯಬೇಡಿ ಅಂದರು. ತೆರೆಯಲಿಲ್ಲ.

ಅವಳ ತಾಯಿ


ಫೆಬ್ರವರಿ ೨೬

ಅಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಮೇಲಿನ ಮಹಡಿಗಳಲ್ಲಿ ಏನೂ ಉಳಿದಿಲ್ಲ, ಆದರೆ ಕೆಳಗಿನ ಗೋದಾಮಿನಲ್ಲಿ ಚುಕ್ಕೆಯ ಕೆಂಪು ಬಟ್ಟೆಯ ಥಾನಿನ ತುದಿ ಸಿಕ್ಕಿತು. ಎಂಟರ ಬದಲು ಹನ್ನೆರಡು ತುಂಡು ಕಳಿಸಿದ್ದೇನೆ. ಎಳೆ ನೇರ ನೋಡಿ ಕತ್ತರಿಸಿದ್ದೇನೆ. ಓರೆ ಎಳೆಯಲ್ಲಿ ಕತ್ತರಿಸಿದರೆ ಚೌಕ ಜೋಲುತ್ತದೆ, ಅದು ನಿಮಗೇ ಗೊತ್ತಿರುತ್ತದೆ. ಹೊಲಿಗೆಗೆಂದು ನಾಲ್ಕೂ ಕಡೆ ಕಾಲಿಂಚು ಅಂಚು ಬಿಟ್ಟಿದ್ದೇನೆ.

ನೀವು ಕೇಳಿದ ಇನ್ನೊಂದು ವಿಷಯ. ಆ ದಿನ ಮಧ್ಯಾಹ್ನ ನಾನು ಅಸ್ತರಿನ ಬಟ್ಟೆ ತರಲು ಗೋದಾಮಿಗೆ ಇಳಿದಿದ್ದೆ. ಇಸ್ತ್ರಿ ಮೇಜಿನ ವೈರಿನಿಂದ ಬೆಂಕಿ ಹತ್ತಿತು, ಮುಂದಿನ ಮೆಟ್ಟಿಲಿನ ಪಕ್ಕದಲ್ಲೇ. ಹೊಗೆ ಬಹಳ ಬೇಗ ತುಂಬಿತು. ಹೊಗೆ ಮೊದಲು ಮಂಪರು ತರುತ್ತದೆ ಎಂದು ಅಗ್ನಿಶಾಮಕದವರು ಹೇಳಿದರು. ಅವಳು ನಿದ್ದೆ ಹೋದಳು ಅಮ್ಮ. ನೋವು ಗೊತ್ತಾಗಿಲ್ಲ. ಅದನ್ನು ಖಂಡಿತವಾಗಿ ಹೇಳಬಲ್ಲೆ.

ಇಲ್ಲಿ ಎಲ್ಲರೂ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದೆವು. ಮೈಯೂ ಹಾಗೇ, ಮಾತೂ ಕಡ್ಡಿ ತುಂಡು ಮಾಡಿದ ಹಾಗೆ. ತಪ್ಪು ತಿಳಿಯಬೇಡಿ.

ಕಟಿಂಗ್ ಮಾಸ್ಟರ್


ಮಾರ್ಚ್ ೧೨

ಮಾಸ್ಟರರಿಗೆ,

ಕಡ್ಡಿ! ನಕ್ಕುಬಿಟ್ಟೆ. ಜನವರಿಯಿಂದೀಚೆಗೆ ಇದೇ ಮೊದಲು. ಲಾಂಡ್ರಿಯಲ್ಲಿ ಪಕ್ಕದವಳು, ಇವಳಿಗೇನೋ ಆಯಿತು ಎಂದು ನೀರು ತಂದುಕೊಟ್ಟಳು. ಮನೆಯಲ್ಲಿಯೂ ಅವಳು ಹಾಗೆಯೇ. "ಊಟ ಮಾಡಿದೆಯಾ?" ಎಂದರೆ "ಮಾಡಿದೆ." ಏನು, ಎಷ್ಟು, ಯಾರ ಜೊತೆ ಎಂದು ನಾನು ಒಂದೊಂದಾಗಿ ಕಿತ್ತು ತೆಗೆಯಬೇಕಿತ್ತು.

ತುಂಡುಗಳು ಬಂದವು. ಇಷ್ಟು ನೇರವಾಗಿ ಕತ್ತರಿಸಿದ ಬಟ್ಟೆಯನ್ನು ನಾನು ಮುಟ್ಟಿಯೇ ಇರಲಿಲ್ಲ. ಒಂದರ ಮೇಲೊಂದು ಇಟ್ಟರೆ ಹನ್ನೆರಡೂ ಒಂದೇ ತುಂಡಿನಂತೆ ಕೂರುತ್ತವೆ. ಹೊಗೆಯ ವಾಸನೆಯಿತ್ತು. ಮೂರು ಸಲ ಒಗೆದೆ. ಎರಡನೆಯ ಸಲಕ್ಕೇ ಹೋಗಿತ್ತೇನೋ, ನನಗೆ ಮಾತ್ರ ಬರುತ್ತಲೇ ಇತ್ತು.

"ನಿದ್ದೆ ಹೋದಳು" ಎಂದು ನೀವು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಮಡಚಿದ ಕಡೆ ಕಾಗದ ಹರಿಯುತ್ತಿದೆ. ನೀವು ಒಳ್ಳೆಯವರು. ಗುರುತಿಲ್ಲದ ಹೆಂಗಸಿಗೆ ಕೂತು ಇಷ್ಟು ಬರೆಯುವವರು ಯಾರಿದ್ದಾರೆ?

ಒಂದು ಮಾತು. ಅವಳ ಜೊತೆಗಾತಿ ಹೇಳುತ್ತಾಳೆ, ಹಿಂದುಗಡೆಯೂ ಒಂದು ಮೆಟ್ಟಿಲು ಇತ್ತಂತೆ, ಅದಕ್ಕೆ ಹೋಗಲು ಮಹಡಿಯಲ್ಲೇ ಕಬ್ಬಿಣದ ಬಾಗಿಲು ಇತ್ತಂತೆ. ಮತ್ತೆ ಯಾಕೆ ಯಾರೂ ಅತ್ತ ಹೋಗಲಿಲ್ಲ? ಅವಳು ಅಳುತ್ತಾ ಹೇಳಿದ್ದು, ನನಗೆ ಸರಿಯಾಗಿ ಕೇಳಿಸಲಿಲ್ಲ. ನೀವು ಹೇಳಿದರೆ ನಂಬುತ್ತೇನೆ.

ಕಡ್ಡಿಯ ತಾಯಿ


ಏಪ್ರಿಲ್ ೨

ಅಮ್ಮನವರಿಗೆ,

ಉತ್ತರ ತಡವಾಯಿತು. ಯಜಮಾನರ ಇನ್ನೊಂದು ಘಟಕಕ್ಕೆ ನನ್ನನ್ನು ಹಾಕಿದ್ದಾರೆ, ಕೆಲಸ ಹೆಚ್ಚು. ಕೌದಿಯ ಹಿಂಬದಿಗೆ ಬೇಕಾಗಬಹುದೆಂದು ಬೂದು ಬಣ್ಣದ ಕಾಟನ್ ಕಳಿಸಿದ್ದೇನೆ. ಮೊದಲು ಬಿಸಿನೀರಿನಲ್ಲಿ ನೆನೆಸಿ, ಕುಗ್ಗುವ ಜಾತಿ. ನೂಲು ಎರಡೆಳೆಯದು ಬಳಸಿ. ಚೌಕಗಳನ್ನು ಕೂಡಿಸುವಾಗ ಹೊಲಿಗೆಯ ಅಂಚನ್ನು ಒಂದೇ ಕಡೆಗೆ ಮಗುಚಿ ಇಸ್ತ್ರಿ ಮಾಡಿದರೆ ಗಂಟು ನಿಲ್ಲುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ.

ಮಾಸ್ಟರ್


ಏಪ್ರಿಲ್ ೧೯

ಮಾಸ್ಟರರಿಗೆ,

ಬೂದು ಬಟ್ಟೆ ತಲುಪಿತು. ಬಾಗಿಲಿನ ವಿಷಯ ನೀವು ಬರೆಯಲಿಲ್ಲ. ಮರೆತಿರಬೇಕು, ಕೆಲಸದ ಗಡಿಬಿಡಿ ಎಂದುಕೊಂಡಿದ್ದೆ. ಈಗ ಬೇರೆಯವರಿಂದ ಕೇಳಿದೆ.

ಮೊನ್ನೆ ನಿಮ್ಮ ಯಜಮಾನರ ವಕೀಲರು ಬಂದಿದ್ದರು. ಸೈಕಲ್ ಅಂಗಡಿಯ ಮೇಲೆ ನನ್ನದೊಂದೇ ಕೋಣೆ. ಹೊಲಿಯಲೆಂದು ನೆಲದ ತುಂಬ ಚೌಕಗಳನ್ನು ಹರಡಿದ್ದೆ. ಅವರು ಚಪ್ಪಲಿ ಕಳಚಿ, ಚೌಕಗಳನ್ನು ತುಳಿಯದ ಹಾಗೆ ನಾಜೂಕಾಗಿ ದಾಟಿ ಬಂದು ಕುರ್ಚಿಯಲ್ಲಿ ಕೂತರು. ಒಂದು ಕಾಗದ ತೆಗೆದರು. ಯಾರ ಮೇಲೂ ನನ್ನ ದೂರಿಲ್ಲ ಎಂದು ಅದರಲ್ಲಿ ಬರೆದಿತ್ತು.

"ಇಲ್ಲಿ ಒಂದು ಸಹಿ ಹಾಕಿಬಿಡಿ ಅಮ್ಮ" ಎಂದರು.

"ಹಿಂದಿನ ಬಾಗಿಲು ಯಾಕೆ ತೆಗೀಲಿಲ್ಲ? ಅದನ್ನ ಹೇಳಿ ಮೊದಲು" ಎಂದೆ.

"ಅದಕ್ಕೆ ಬೀಗ ಹಾಕಿತ್ತು. ಸುಮ್ಮಸುಮ್ಮನೆ ಹಾಕ್ತಾರಾ? ಒಳಗಿಂದ ಬಟ್ಟೆ ಕಳುವಾಗ್ತಿತ್ತು." ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಕದೀತಿದ್ದಿದ್ದು ನಿಮ್ಮ ಮಗಳು. ಹೇಳೋಕೆ ನಂಗೂ ಸಂಕಟ ಆಗುತ್ತೆ." ನೆಲದ ಕಡೆ ನೋಡಿದರು. "ಇದೇ ಅಲ್ವಾ ಆ ಮಾಲು?"

ಎದ್ದು ನಿಂತು ನನ್ನ ಚೌಕಗಳ ಫೋಟೋ ತೆಗೆದುಕೊಂಡು ಹೋದರು. ನಾನು ಸಹಿ ಹಾಕಲಿಲ್ಲ. ಧೈರ್ಯದಿಂದ ಅಲ್ಲ. ಪೆನ್ನು ಹಿಡಿಯಲು ಕೈ ಬರಲಿಲ್ಲ.

ನವೆಂಬರಿನಲ್ಲಿ ನಾನು ಅವಳಿಗೆ ಒಂದು ಕಾಗದ ಬರೆದಿದ್ದೆ. "ಕೆಂಪು ಸಾಲದು, ಹೇಗಾದರೂ ಮಾಡಿ ಇನ್ನಷ್ಟು ಕಳಿಸು." ಹೇಗಾದರೂ ಮಾಡಿ. ನನ್ನದೇ ಮಾತು. ಡಿಸೆಂಬರಿನಲ್ಲಿ ದೊಡ್ಡ ಪೊಟ್ಟಣವೇ ಬಂತು. ನಾನು ಖುಷಿಪಟ್ಟೆ, ಎಲ್ಲಿಂದ ಬಂತೆಂದು ಕೇಳಲಿಲ್ಲ. ಆ ಕೆಂಪಿಗಾಗಿ ಬಾಗಿಲಿಗೆ ಬೀಗ ಬಿತ್ತೇ? ನನ್ನ ಮಗಳಿಗೂ ಉಳಿದ ಹತ್ತು ಮನೆಯ ಹೆಣ್ಣುಮಕ್ಕಳಿಗೂ?

ಅವಳು ಕದ್ದಳೇ ಮಾಸ್ಟರ್? ನೀವು ದಿನವಿಡೀ ಅವಳ ಪಕ್ಕದಲ್ಲಿದ್ದಿರಿ. ನಿಮಗೆ ಗೊತ್ತಿರಬೇಕು.


ಮೇ ೧

ಮಾಸ್ಟರರಿಗೆ,

ನಿಮ್ಮ ಉತ್ತರ ಇಲ್ಲ. ಇಲ್ಲ ಎಂದರೆ ಹೌದು ಎಂದೇ ಅರ್ಥ ಮಾಡಿಕೊಳ್ಳುತ್ತೇನೆ.

ಚೌಕಗಳ ನಡುವಿನ ಕೆಂಪನ್ನು ಬಿಚ್ಚುತ್ತಿದ್ದೇನೆ. ನಾನು ಸಣ್ಣ ಹೊಲಿಗೆ ಹಾಕುವವಳು, ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ. ಹದಿನೇಳು ಆಗಿವೆ. ಗೋಡೆಗೆ ಒರಗಿಸಿದರೆ ಹದಿನೇಳರ ನಡುವೆಯೂ ಗೋಡೆ ಕಾಣುತ್ತದೆ. ನೀವು ಕಳಿಸಿದ ಹನ್ನೆರಡನ್ನು ಇದರ ಜೊತೆ ವಾಪಸು ಇಟ್ಟಿದ್ದೇನೆ. ಅವು ನಿಮ್ಮ ಕಾರ್ಖಾನೆಯವು.


ಮೇ ೯

ಅಮ್ಮ,

ಬಿಚ್ಚಬೇಡಿ. ದಯವಿಟ್ಟು ನಿಲ್ಲಿಸಿ. ಅವಳು ಕದಿಯಲಿಲ್ಲ. ಆ ಚೂರುಗಳನ್ನು ನಾನೇ ಕೊಟ್ಟೆ, ನನ್ನ ಕೈಯಾರೆ. ಆರಿಸಿ, ಬಣ್ಣ ನೋಡಿ, ಮಡಚಿ ಕೊಟ್ಟೆ. ಅವಳು ತೆಗೆದುಕೊಳ್ಳದಿದ್ದರೆ ಮೆಷಿನ್ ಒರೆಸುವ ಚಿಂದಿಯ ಮೂಟೆಗೆ ಹೋಗುವಂಥವು. ಡಿಸೆಂಬರಿನ ದೊಡ್ಡ ಪೊಟ್ಟಣವನ್ನು ಕಟ್ಟಿದವನೂ ನಾನೇ. "ಅಮ್ಮಂಗೆ ಕೆಂಪು ಬೇಕಂತೆ ಮಾಸ್ಟರ್, ಕಾಗದದ ತುಂಬ ಕೆಂಪು ಕೆಂಪು ಅಂತಾನೇ ಬರೆದಿದ್ದಾಳೆ" ಎಂದು ನಗುತ್ತಾ ಹೇಳಿದ್ದಳು.

ಅವಳು ಆ ಪೊಟ್ಟಣ ಹಿಡಿದು ಹಿಂದಿನ ಮೆಟ್ಟಿಲು ಇಳಿಯುವುದನ್ನು ಕಾವಲುಗಾರ ನೋಡಿ ಯಜಮಾನರಿಗೆ ಹೇಳಿದ. ಮರುದಿನ ಅವರು ಮಹಡಿಗೆ ಬಂದರು. ಎಲ್ಲ ಮೆಷಿನ್ ನಿಲ್ಲಿಸಿ, "ಯಾರನ್ನ ಕೇಳಿ ಬಟ್ಟೆ ಹೊರಗೆ ಹೋಗ್ತಿದೆ?" ಎಂದು ಕೂಗಿದರು. ಕಡ್ಡಿ ನನ್ನ ಮುಖ ನೋಡಿದಳು. ನಾನು ಹೇಳುತ್ತೇನೆಂದು ಕಾದಳು. ನಾನು ಟೇಪು ಸುತ್ತುತ್ತಾ ನಿಂತೆ. "ನಾನು ಕೊಟ್ಟೆ ಸಾರ್, ಚೂರು ಅಷ್ಟೇ" ಎಂದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಟೇಪು ಸುತ್ತಿ ಮೇಜಿನ ಮೇಲಿಟ್ಟೆ. ಅವಳೂ ನನ್ನ ಹೆಸರು ಹೇಳಲಿಲ್ಲ. ಸಂಜೆ ಅವಳೇ ಬಂದು, "ಹೋಗ್ಲಿ ಬಿಡಿ ಮಾಸ್ಟರ್, ನಿಮ್ಮನ್ನ ತೆಗೆದುಹಾಕಿದ್ರೆ ನಾನು ಗಾಳಿಗೆ ನಂಬರು ಅಂಟಿಸ್ಬೇಕಾಗುತ್ತೆ" ಎಂದಳು.

ಮರುದಿನ ಹಿಂದಿನ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈಯನ್ನು ಯಜಮಾನರು ನನ್ನ ಕೈಯಲ್ಲಿ ಕೊಟ್ಟರು. ಆ ದಿನವೂ ಅದು ನನ್ನ ಜೇಬಿನಲ್ಲೇ ಇತ್ತು. ನಾನು ಕೆಳಗಿದ್ದೆ. ಓಡಿ ಬರುವಷ್ಟರಲ್ಲಿ ಮೆಟ್ಟಿಲ ತುಂಬ ಹೊಗೆ, ಹತ್ತಲಾಗಲಿಲ್ಲ.

ಜೂನ್ ಮೂರಕ್ಕೆ ವಿಚಾರಣೆ ಇದೆ. ಯಾವಾಗ ಬೀಗ ಬಿತ್ತು, ಯಾರಿಂದ ಬಿತ್ತು ಎಂದು ನನ್ನನ್ನು ಕೇಳುತ್ತಾರೆ. ಏನು ಹೇಳಬೇಕೆಂದು ವಕೀಲರು ಟೈಪು ಮಾಡಿ ಕೊಟ್ಟಿದ್ದಾರೆ. ಅದರಲ್ಲಿ ನಿಮ್ಮ ಮಗಳು ಕಳ್ಳಿ. ನನ್ನ ಹೆಂಡತಿ ಹೇಳುತ್ತಾಳೆ, "ಹೋದವರು ಹೋದರು, ನೀವು ಸತ್ಯ ಹೇಳಿದ್ರೆ ಎದ್ದು ಬರ್ತಾರಾ? ನಮ್ಮನ್ನ ಬೀದಿಗೆ ತರಬೇಡಿ." ಅವಳು ಕೆಟ್ಟವಳಲ್ಲ. ಹೆದರಿದ್ದಾಳೆ. ನಾನೂ ಹೆದರಿದ್ದೇನೆ.

ಎರಡೂವರೆ ತಿಂಗಳಿನಿಂದ ನಿಮಗೆ ಎಳೆ, ಅಂಚು, ಇಸ್ತ್ರಿ ಎಂದು ಬರೆಯುತ್ತಾ ಕೂತಿದ್ದೆ. ಕ್ಷಮಿಸಿ ಎಂದು ಬರೆಯಲೂ ನಾಚಿಕೆ.


ಮೇ ೧೬

ನಿಮ್ಮ ಕಾಗದ ಓದಿದೆ. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಅವಳು ಕಳ್ಳಿಯಲ್ಲ ಎಂದು ನನಗೆ ಒಬ್ಬಳಿಗೇ ಗುಟ್ಟಾಗಿ ಹೇಳಿದಿರಿ. ನಾನೇನು ಅವಳ ಮೇಲೆ ಮೊಕದ್ದಮೆ ಹೂಡಿದ್ದೆನೇ? ಅವಳನ್ನು ಹತ್ತು ಜನರೆದುರು ಕಳ್ಳಿ ಎಂದು ಕರೆಯುತ್ತಿರುವುದು ಅಲ್ಲಿ. ಹೇಳಬೇಕಾದ್ದೂ ಅಲ್ಲಿ.

ನಿಮ್ಮ ಕಾಗದವನ್ನು ವಿಚಾರಣೆಯ ಅಧಿಕಾರಿಯ ಕೈಗೆ ಕೊಡು ಎಂದು ಅವಳ ಜೊತೆಗಾತಿ ಹೇಳಿದಳು. ಕೊಡಬಹುದು. ನಿಮ್ಮ ಸ್ವಂತ ಅಕ್ಷರ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆದರೆ ಹಾಗೆ ಬೇಡ. ಇದರೊಳಗೆ ಅದನ್ನು ವಾಪಸು ಇಟ್ಟಿದ್ದೇನೆ. ನಕಲು ಮಾಡಿಕೊಂಡಿಲ್ಲ. ಬೇಕಿದ್ದರೆ ಹರಿದುಹಾಕಿ.

ಮೂರನೆಯ ತಾರೀಖು ನಾನು ಬರುತ್ತೇನೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆ, ಹಿಂದೆ ಕೂತರೆ ನನಗೆ ಕೇಳಿಸುವುದಿಲ್ಲ. ನೀವು ನನ್ನ ಮಗಳನ್ನು ನಾಲ್ಕು ವರ್ಷ ದಿನವೂ ನೋಡಿದ್ದೀರಿ. ಒಂದು ದಿನ ನನ್ನನ್ನು ನೋಡಿಕೊಂಡು ಮಾತಾಡಿ.


ಜೂನ್ ೮

ಮಾಸ್ಟರ್,

ಈ ಕಾಗದ ಜೈಲಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ವಿಚಾರಣೆ ಮುಗಿದು ನಿಮ್ಮನ್ನು ಪೊಲೀಸರು ಕರೆದುಕೊಂಡು ಹೋದಾಗ ನಿಮ್ಮ ಹೆಂಡತಿ ಗೋಡೆ ಹಿಡಿದು ನಿಂತಿದ್ದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿದವಳು ನಾನೇ. ನಾನು ಯಾರೆಂದು ಗೊತ್ತಾಗಿದ್ದರೆ ಕೂರುತ್ತಿದ್ದಳೋ ಇಲ್ಲವೋ.

ನೀವು ಇಷ್ಟು ಕುಳ್ಳಗಿದ್ದೀರೆಂದು ನಾನು ಎಣಿಸಿರಲಿಲ್ಲ. ಒಳ್ಳೆಯ ಕಿವಿಯನ್ನು ನಿಮ್ಮ ಕಡೆಗೆ ಮಾಡಿಕೊಂಡು ಕೂತಿದ್ದೆ. ಟೈಪು ಮಾಡಿದ ಹಾಳೆಯನ್ನು ನೀವು ಮಡಚಿ ಜೇಬಿಗೆ ಹಾಕಿದ್ದು ನೋಡಿದೆ. ಚೂರು ಕೊಟ್ಟವನು ನಾನು, ಸುಮ್ಮನಿದ್ದವನೂ ನಾನು, ಬೀಗ ಹಾಕಿಸಿದವರು ಯಜಮಾನರು ಎಂದಿರಿ. "ಆ ಹುಡುಗಿ ಕದ್ದಿಲ್ಲ. ಬರೆದುಕೊಳ್ಳಿ" ಎಂದು ಅಧಿಕಾರಿಗೇ ಹೇಳಿದಿರಿ. ಅವರು ಬರೆದುಕೊಂಡರು. ನನ್ನ ಪಕ್ಕ ಕೂತಿದ್ದ, ಬೆಂಕಿಯಲ್ಲಿ ಹೋದ ಇನ್ನೊಬ್ಬ ಹುಡುಗಿಯ ಅಪ್ಪ ನನ್ನ ಕೈ ಒತ್ತಿದರು. ಬೆಳಗ್ಗೆಯಿಂದ ಅವರು ನನ್ನನ್ನು ಮಾತಾಡಿಸಿಯೇ ಇರಲಿಲ್ಲ.

ಆಮೇಲೆ ಆ ವಕೀಲರು ಎದ್ದರು. ಅವರ ಬುದ್ಧಿ ನೋಡಿ. ಬೀಗ ಯಾರು ಹಾಕಿಸಿದರು ಎಂಬುದನ್ನು ಬಿಟ್ಟುಬಿಟ್ಟರು.

"ಕೀ ನಿಮ್ಮ ಹತ್ರ ಇತ್ತು. ನೀವು ಯಾಕೆ ತೆಗೀಲಿಲ್ಲ?"

"ಹಿಂದಿನ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ನಿಂತೆ."

"ಯಾಕೆ?"

"ಹೆದರಿದೆ."

"ಬಾಗಿಲ ಆಚೆ ಯಾರಾದ್ರೂ ಇದ್ದದ್ದು ಗೊತ್ತಿತ್ತಾ?"

ನೀವು ನನ್ನ ಕಡೆ ನೋಡಿದಿರಿ. ನಾನೇ ಹೇಳಿದ್ದಲ್ಲವೇ, ನನ್ನನ್ನು ನೋಡಿಕೊಂಡು ಮಾತಾಡಿ ಎಂದು. "ಬಡೀತಿದ್ರು. ಕಡ್ಡಿ ಕೂಗ್ತಿದ್ಲು. ಮಾಸ್ಟರ್, ಮಾಸ್ಟರ್, ಬಾಗಿಲು ಅಂತ. ಹನ್ನೆರಡು ಮೆಟ್ಟಿಲು ಉಳಿದಿತ್ತು. ನಾನು ಇಳಿದು ಬಂದೆ."

ಅಷ್ಟೂ ನನಗೆ ಸ್ಪಷ್ಟವಾಗಿ ಕೇಳಿಸಿತು.

ಯಜಮಾನರ ಮೇಲೂ ಕೇಸು ಹಾಕಿದ್ದಾರೆ, ಆದರೆ ಅವರು ಜಾಮೀನಿನ ಮೇಲೆ ಮನೆಯಲ್ಲಿದ್ದಾರೆ. ನೀವು ಒಳಗಿದ್ದೀರಿ. ನ್ಯಾಯವೋ ಅಲ್ಲವೋ ಹೇಳಲಾರೆ. ನಿಮ್ಮ ಮೇಲೆ ನನಗೆ ಕನಿಕರ ಬರುವುದಿಲ್ಲ. ಪ್ರಯತ್ನಿಸಿದೆ, ಬರಲಿಲ್ಲ. ನೀವು ಮಾಡಿದ್ದನ್ನು ಕ್ಷಮಿಸಲೂ ಆಗುವುದಿಲ್ಲ. ಸತ್ಯ ಹೇಳಿದಿರಿ, ಅದು ಸರಿ, ಹೇಳಬೇಕಿತ್ತು. ಆದರೆ "ನಿದ್ದೆ ಹೋದಳು" ಎಂಬ ನಿಮ್ಮ ಮಾತನ್ನು ಹೊದ್ದುಕೊಂಡೇ ನಾನು ಇಷ್ಟು ದಿನ ಮಲಗಿದ್ದೆ. ಈಗ ಕಣ್ಣು ಮುಚ್ಚಿದರೆ ಬಾಗಿಲು ಬಡಿಯುವ ಸದ್ದು. ಕಿವುಡು ಕಿವಿಯಲ್ಲೂ ಅದೇ.

ಕೌದಿ ಮುಗಿಸುವುದಿಲ್ಲ. ಬಿಚ್ಚಿದ್ದನ್ನು ಮತ್ತೆ ಹೊಲಿಯಲಾರೆ, ಉಳಿದದ್ದನ್ನು ಬಿಚ್ಚಲಾರೆ. ಎಲ್ಲ ಒಂದು ಗಂಟು ಕಟ್ಟಿ ಲಾಂಡ್ರಿಯ ಕಪಾಟಿನ ಮೇಲೆ ಇಟ್ಟಿದ್ದೇನೆ. ಮನೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ.

ಒಂದೇ ಒಂದು ಕೇಳುತ್ತೇನೆ. ನಾಲ್ಕು ವರ್ಷದಲ್ಲಿ ಅವಳು ಮನೆಗೆ ಬಂದದ್ದು ಆರು ಸಲ. ಅವಳು ದೊಡ್ಡವಳಾದ ಮೇಲೆ ಹೇಗಿದ್ದಳೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದಕ್ಕೆ ನನಗೆ ಹೊಟ್ಟೆಕಿಚ್ಚು. ಆ ದಿನದ್ದು ಬೇಡ. ಬೇರೆ ಯಾವುದಾದರೂ ಒಂದು ದಿನ, ಏನೂ ನಡೆಯದ ದಿನ, ಅವಳು ಬೆಳಗ್ಗೆ ಬಂದಾಗಿನಿಂದ ಸಂಜೆ ಹೋಗುವವರೆಗೆ ಏನು ಮಾಡಿದಳು ಎಂದು ಬರೆಯಿರಿ. ಸುಳ್ಳು ಒಂದೂ ಸೇರಿಸಬೇಡಿ. ಆಮೇಲೆ ನನಗೆ ಬರೆಯಬೇಡಿ.


ಜೂನ್ ೨೭

ಅಮ್ಮ,

ಬಹಳ ಯೋಚಿಸಿ ಒಂದು ದಿನ ಆರಿಸಿದ್ದೇನೆ. ಹೋದ ವರ್ಷ ಆಗಸ್ಟ್, ಬುಧವಾರ. ತಾರೀಖು ನೆನಪಿಲ್ಲ, ಊಹಿಸಿ ಬರೆಯುವುದಿಲ್ಲ.

ಎಂಟು ಗಂಟೆಗೆ ಐದು ನಿಮಿಷ ತಡವಾಗಿ ಬಂದಳು. ಕೂದಲು ಒದ್ದೆಯಿತ್ತು. "ನಲ್ಲಿ ಹತ್ರ ಕ್ಯೂ" ಎಂದಳು, ಅಷ್ಟೇ. ಚಪ್ಪಲಿಯ ಬಾರು ಕಿತ್ತುಹೋಗಿತ್ತು, ನನ್ನ ದಪ್ಪ ಸೂಜಿ ತೆಗೆದುಕೊಂಡು ಕೇಳದೆಯೇ ಹೊಲಿದುಕೊಂಡಳು. ಸೂಜಿಯ ಮೊನೆ ಬಗ್ಗಿತು. ಬೈದೆ. "ಬಗ್ಗಿದ್ರೆ ಬಗ್ಗಿದ ಕಡೆ ಹೊಲೀರಿ" ಎಂದಳು.

ಆ ದಿನ ಮಕ್ಕಳ ಅಂಗಿ, ನೀಲಿ ಗೆರೆಯದು, ಆರುನೂರು. ಹತ್ತು ಗಂಟೆಯವರೆಗೆ ಮಾತಿಲ್ಲ. ನಂಬರು ಅಂಟಿಸುವಾಗ ಅವಳು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಿದ್ದಳು. ಅದು ಅವಳಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಬಹುದು. ಬಟ್ಟೆಯ ಒಂದು ಕಟ್ಟಿನ ಮೇಲೆ ತಪ್ಪು ನಂಬರು ಬಿತ್ತು, ನಾನು ನೋಡುವ ಮೊದಲೇ ಅವಳೇ ಕಿತ್ತು ಸರಿ ಮಾಡಿದಳು.

ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಬುತ್ತಿ ತಿಂದಳು. ಪಕ್ಕದ ಹುಡುಗಿಯ ಡಬ್ಬಿಯಿಂದಲೂ ತಿಂದಳು. ಫ್ಯಾನಿನ ಕೆಳಗಿನ ಜಾಗಕ್ಕೆ ಇಸ್ತ್ರಿಯವನ ಜೊತೆ ಜಗಳವಾಯಿತು. ಗೆದ್ದಳು. ಆಮೇಲೆ ಸೆಕೆ ಅವನಿಗೇ ಹೆಚ್ಚೆಂದು ಎದ್ದು ಬಂದಳು.

ಮೂರು ಗಂಟೆಗೆ ಲೇಬಲ್ಲುಗಳು ಬಂದವು, ಅಂಗಿಯ ಒಳಗೆ ಹೊಲಿಯುವಂಥವು. ಒಂದನ್ನು ಎತ್ತಿಕೊಂಡು ವಾರ್ತೆ ಓದುವವರ ದನಿಯಲ್ಲಿ ಗಟ್ಟಿಯಾಗಿ ಓದಿದಳು. "ತಣ್ಣೀರಿನಲ್ಲಿ ಒಗೆಯಿರಿ. ಹಿಂಡಬೇಡಿ. ಬಿಸಿಲಿಗೆ ಹಾಕಬೇಡಿ. ಹೆಚ್ಚು ಬಿಸಿ ತಾಗಿಸಬೇಡಿ." ಆಮೇಲೆ ತನ್ನ ದನಿಯಲ್ಲಿ, "ಒಂದು ಅಂಗಿಗೆ ಎಷ್ಟು ಉಪಚಾರ ನೋಡಿ ಮಾಸ್ಟರ್! ನಮ್ಮ ಕುತ್ತಿಗೆಗೂ ಇಂಥದ್ದೊಂದು ಹೊಲಿದುಬಿಡಿ" ಎಂದಳು. ಮಹಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು, ಅಳಿಸಿ ಮತ್ತೆ ಎಳೆದೆ.

ಐದೂವರೆಗೆ ಗಂಟೆ ಬಾರಿಸಿತು. ಕೈಗೆ ಅಂಟಿದ್ದ ಗೋಂದನ್ನು ಉಜ್ಜಿ ಉಜ್ಜಿ ಸುಲಿದು, ಅದನ್ನು ಉಂಡೆ ಮಾಡಿ ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಎಂದಿನಂತೆ ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಹಿಂದಿನ ಬಾಗಿಲಿನಿಂದಲೇ. ಆಗ ಅದು ತೆರೆದಿರುತ್ತಿತ್ತು.

ಆ ದಿನ ಇಷ್ಟೇ ನಡೆದದ್ದು.